ಗಾಳಿಯಲ್ಲಿ ಎರಡು ಏಟು

ಫೆಬ್ರವರಿ 3

ಮಾನ್ಯ ಡ್ರಮ್ಸ್ ವಾದಕರಿಗೆ,

ನಮಸ್ಕಾರ. ನಾನು ನಗರ ಗ್ರಂಥಾಲಯದಲ್ಲಿ ಹಳೆಯ ಕ್ಯಾಸೆಟ್ಟು, ರೆಕಾರ್ಡುಗಳ ವಿಭಾಗ ನೋಡಿಕೊಳ್ಳುವವಳು. ಬಿಡುವಿನಲ್ಲಿ ಒಂದು ಪುಸ್ತಕ ಮಾಡುತ್ತಿದ್ದೇನೆ. ಎಂಬತ್ತರ ದಶಕದ ಪಾಪ್ ಮತ್ತು ರಾಕ್ ಹಾಡುಗಳ ವಿಚಿತ್ರ ವಿಡಿಯೋಗಳ ಬಗ್ಗೆ ನೂರೈವತ್ತು ಪ್ರಶ್ನೆಗಳು, ಅವುಗಳಿಗೆ ಉತ್ತರಗಳು. ಆಗ ಜನ ಹಾಡಿಗಿಂತ ವಿಡಿಯೋಗೇ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿದ್ದರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ತಂಡ ಮೀನಿಡುವ ಶೀತಲ ಗೋದಾಮಿನಲ್ಲಿ ಹಾಡಿತು. ಗಾಯಕಿಯ ಬಾಯಿಂದ ಬರುವ ಹಬೆಯನ್ನು ಜನ ಇವತ್ತಿಗೂ ಸಿಗರೇಟಿನ ಹೊಗೆ ಎಂದೇ ತಿಳಿದಿದ್ದಾರೆ. ಒಬ್ಬ ಗಾಯಕ ಇಡೀ ಹಾಡನ್ನು ಹಿಂದುಮುಂದಾಗಿ ಬಾಯಿಪಾಠ ಮಾಡಿ ರಸ್ತೆಯಲ್ಲಿ ಹಿಮ್ಮುಖ ನಡೆದ. ಫಿಲ್ಮು ತಿರುಗಿಸಿ ಓಡಿಸಿದಾಗ ಅವನೊಬ್ಬ ಮುಂದಕ್ಕೆ, ಊರೆಲ್ಲ ಹಿಂದಕ್ಕೆ. ಇನ್ನೊಂದರಲ್ಲಿ ಬಾತುಕೋಳಿಯೊಂದು ಗಿಟಾರಿನವನ ವಿಗ್ಗನ್ನು ಕಚ್ಚಿಕೊಂಡು ಓಡುತ್ತದೆ. ಅದು ಚಿತ್ರಕಥೆಯಲ್ಲಿ ಇರಲಿಲ್ಲವಂತೆ.

ಎಂಬತ್ತೆಂಟನೆಯ ಪ್ರಶ್ನೆ ನಿಮ್ಮದು. 1986ರ ನಿಮ್ಮ ಲಾಂಡ್ರಿ ವಿಡಿಯೋ. ಬಟ್ಟೆ ಒಗೆಯುವ ಹನ್ನೆರಡು ಯಂತ್ರಗಳು, ಪೈಜಾಮ ತೊಟ್ಟ ನಾಲ್ವರು, ಕತ್ತಿನವರೆಗೆ ಏರುವ ಸೋಪಿನ ನೊರೆ. ಕೊನೆಯಲ್ಲಿ ನೊರೆಯ ಮೇಲೆ ಕಾಣುವುದು ನಿಮ್ಮ ನೆಟ್ಟಗಿನ ಜುಟ್ಟು, ಮುಖ, ಎರಡು ಕೈ. ಪ್ರತಿ ಏಟಿನ ನಂತರ ನಿಮ್ಮ ಬಲಗೈ ಗಾಳಿಯಲ್ಲಿ ಎರಡು ಸಣ್ಣ ಏಟು ಹೊಡೆಯುತ್ತದೆ. ಹಾಡಿನಲ್ಲಿ ಆ ಸದ್ದಿಲ್ಲ. ಅಭಿಮಾನಿಗಳು ಅದನ್ನು "ಗಾಳಿ ಏಟು" ಎನ್ನುತ್ತಾರೆ. ಆಮೇಲೆ ಎಷ್ಟೋ ವಾದಕರು ಅದನ್ನು ನಕಲು ಮಾಡಿದರು. ಅದು ಯಾರಿಗೋ ಕಳಿಸಿದ ಸಂಕೇತ ಎನ್ನುವವರಿದ್ದಾರೆ, ತಾಳದ ಹೊಸ ಲೆಕ್ಕ ಎನ್ನುವವರೂ ಇದ್ದಾರೆ. ನಿಜ ಏನು?

ನಿರ್ದೇಶಕರು ತೀರಿಕೊಂಡಿದ್ದಾರೆ. ಗಾಯಕರು ಉತ್ತರ ಕೊಡುತ್ತಿಲ್ಲ. ನಿಮ್ಮ ಸಲೂನಿನ ವಿಳಾಸ ಕೊಟ್ಟದ್ದು ನಿಮ್ಮ ಮಗಳು. "ಅಪ್ಪ ಆಮೇಲೆ ಡ್ರಮ್ಸ್ ಮುಟ್ಲೇ ಇಲ್ಲ, ಯಾಕೆ ಅಂತ ಕೇಳಿದ್ರೆ ಮಾತು ತಿರುಗಿಸ್ತಾರೆ" ಎಂದರು. ಪುಸ್ತಕ ಮೇ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಮುಖಪುಟಕ್ಕೆ ನಿಮ್ಮ ಜುಟ್ಟನ್ನೇ ಹಾಕಬೇಕೆಂದಿದ್ದೇನೆ.

ಇಂತಿ ವಿಶ್ವಾಸದ,
ಗ್ರಂಥಾಲಯದ ರೆಕಾರ್ಡು ವಿಭಾಗದವಳು


ಫೆಬ್ರವರಿ 11

ಗುಮ್ಮಾ,

ಈ ಕೈಬರಹ ನೋಡಿ ಲಕೋಟೆಯನ್ನು ಹಾಗೇ ಒಲೆಗೆ ಹಾಕದೆ ಇಲ್ಲಿಯ ತನಕ ಓದಿದ್ದರೆ ಅದೇ ದೊಡ್ಡದು. ನಾನು, ಕತ್ತರಿ. ಇನ್ನೂ ಬದುಕಿದ್ದೇನೆ, ಇನ್ನೂ ಕೂದಲು ಕತ್ತರಿಸುತ್ತಿದ್ದೇನೆ, ನನ್ನ ಜುಟ್ಟು ಮಾತ್ರ ಹೋಗಿ ಇಪ್ಪತ್ತು ವರ್ಷವಾಯಿತು.

ನಿನ್ನ ವಿಳಾಸ ಸಿಕ್ಕಿದ್ದು ಹೀಗೆ. ಹೋದ ತಿಂಗಳು ಒಬ್ಬರು ಕುರ್ಚಿಯಲ್ಲಿ ಕೂತು ಕಿವಿಯಂತ್ರ ತೆಗೆದು ಕೈಗೆ ಕೊಟ್ಟರು. "ಹುಷಾರು, ಇದರ ಅಚ್ಚು ಮಾಡಿದವ್ರು ಆಮೆ ಥರ ಕೆಲಸ ಮಾಡ್ತಾರೆ, ಇನ್ನೊಂದು ಮಾಡಿಸ್ಬೇಕಂದ್ರೆ ಮೂರು ಸಲ ಹೋಗ್ಬೇಕು. ಬಾಯಿ ಬಿಡಲ್ಲ, ಮೇಜಿನ ಮೇಲೆ ಬೆರಳಲ್ಲಿ ಟಪಟಪ ಅಂತಿರ್ತಾರೆ" ಎಂದರು. ಹೇಗೆ ತಟ್ಟುತ್ತಾರೆ, ತೋರಿಸಿ ಎಂದೆ. ತೋರಿಸಿದರು. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಈ ಭೂಮಿಯ ಮೇಲೆ ಹಾಗೆ ತಟ್ಟುವ ಗುಮ್ಮನ ಗುಸುಕ ಒಬ್ಬನೇ.

ಇದರ ಜೊತೆಗಿಟ್ಟಿರುವ ಗ್ರಂಥಾಲಯದ ಹುಡುಗಿಯ ಪತ್ರ ಓದು. ಅವಳು ನನ್ನನ್ನು ಡ್ರಮ್ಸ್ ವಾದಕ ಎಂದು ಕರೆದಿದ್ದಾಳೆ. ನನ್ನ ಮಗಳೂ ಹಾಗೇ ತಿಳಿದಿದ್ದಾಳೆ. ನಿನಗೆ ಗೊತ್ತಿರುವ ಕಥೆಯೇ, ಆದರೆ ಆ ದಿನ ನೀನು ಅಲ್ಲಿರಲಿಲ್ಲವಲ್ಲ, ಒಮ್ಮೆ ನನ್ನ ಬಾಯಿಂದ ಕೇಳು.

ನಾನು ನಿಮ್ಮ ನಾಲ್ವರ ತಲೆ ನೋಡಿಕೊಳ್ಳಲು ಬಂದವನು, ಅಷ್ಟೇ. ಬೆಳಿಗ್ಗೆ ಏಳಕ್ಕೆ ನೀನು ಹೇಳಿ ಕಳಿಸಿದ ಸುದ್ದಿ ಬಂತು, ನಿಮ್ಮ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು. ಲಾಂಡ್ರಿ ಸಿಕ್ಕಿದ್ದು ಅದೊಂದೇ ದಿನ. ಮರುದಿನ ಆ ಯಂತ್ರಗಳಲ್ಲಿ ಹೋಟೆಲುಗಳ ಹೊದಿಕೆ ಒಗೆಯಬೇಕಿತ್ತು. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ನಮ್ಮ ಗಾಯಕ ದೊರೆ ಸುತ್ತ ನೋಡಿ, "ಏ ಕತ್ತರಿ, ನಿನ್ನ ಜುಟ್ಟು ಚೆನ್ನಾಗಿದೆ, ನೀನೇ ಕೂತ್ಕೋ" ಎಂದ. ನನಗೆ ಡ್ರಮ್ಸ್ ಬರಲ್ಲ ಎಂದೆ. "ಬಾರಿಸೋದು ಬೇಕಾಗಿಲ್ಲ, ಗುಮ್ಮ ಆಗ್ಲೇ ಬಾರಿಸಿದಾನೆ. ನೀನು ಕೈ ಆಡ್ಸು" ಎಂದ. ನೀನು ರೆಕಾರ್ಡಿನಲ್ಲಿ ಬಾರಿಸಿದ್ದಕ್ಕೆ ನಾನು ಕೈ ಆಡಿಸಿದೆ. ನೊರೆ ಕಣ್ಣಿಗೆ ಹೋಗಿ ಉರಿಯುತ್ತಿತ್ತು. ಅದಕ್ಕೆ ಮುಖ ಹಾಗೆ ಹಿಂಡಿಕೊಂಡಿದ್ದೇನೆ. ಅದನ್ನೂ ತಲ್ಲೀನತೆ ಎನ್ನುತ್ತಾರಂತೆ.

ಗಾಳಿ ಏಟಿನ ಗುಟ್ಟು ಕೇಳಿದರೆ ನೀನೂ ನಗುತ್ತೀಯ. ನಾವು ಒಂದು ಸಲ ಕೂದಲು ಕತ್ತರಿಸಿ, ಮುಂದಿನ ಎಳೆ ಹಿಡಿಯುವ ತನಕ ಕತ್ತರಿಯನ್ನು ಗಾಳಿಯಲ್ಲೇ ಕಚಕಚ ಆಡಿಸುತ್ತಿರುತ್ತೇವೆ. ಕೈ ನಿಂತರೆ ಲಯ ತಪ್ಪುತ್ತದೆ. ಡ್ರಮ್ಸಿನ ಕೋಲು ಹಿಡಿದರೂ ಚಾಳಿ ಬಿಡಲಿಲ್ಲ. ಸಂಕೇತವೂ ಇಲ್ಲ, ಸುಡುಗಾಡೂ ಇಲ್ಲ.

ಮಗಳಿಗೆ ಎಂಟು ವರ್ಷವಿದ್ದಾಗ ಟಿ.ವಿ.ಯಲ್ಲಿ ಆ ವಿಡಿಯೋ ಬಂತು. "ಅಪ್ಪಾ, ಇದು ನೀನಾ?" ಎಂದಳು. ಹೌದು ಎಂದೆ, ಅದು ಸುಳ್ಳಲ್ಲ. "ನೀನು ಡ್ರಮ್ಸ್ ಬಾರಿಸ್ತಿದ್ಯಾ?" ಎಂದಳು. ಅದಕ್ಕೂ ಹ್ಞೂಂ ಎಂದುಬಿಟ್ಟೆ. ಅಲ್ಲಿಂದ ಇಪ್ಪತ್ತಾರು ವರ್ಷ ಅದನ್ನೇ ಎಳೆದುಕೊಂಡು ಬಂದಿದ್ದೇನೆ.

ಪುಸ್ತಕದಲ್ಲಿ ನಿನ್ನ ಹೆಸರು ಬರಬೇಕು. ಬಾರಿಸಿದವನು ನೀನು ಎಂದು ಬರಬೇಕು. ನಾನು ಒಬ್ಬನೇ ಹೇಳಿದರೆ ಆಗದು, ನಿನ್ನ ಮಾತೂ ಬೇಕು. ಸಲೂನಿನ ಫೋನ್ ನಂಬರು ಕೆಳಗಿದೆ.

ನಿನ್ನ,
ಕತ್ತರಿ


ಮಾರ್ಚ್ 1

ನಿನ್ನ ಪತ್ರ ತಲುಪಿತು.

ಫೋನ್ ಉಪಯೋಗವಿಲ್ಲ. ನನ್ನ ಎಡಗಿವಿ ಹತ್ತು ವರ್ಷದ ಹಿಂದೆ ಪೂರ್ತಿ ಹೋಯಿತು. ಬಲಗಿವಿ ಯಂತ್ರ ಹಾಕಿಕೊಂಡರೆ ಎದುರಿಗೆ ಕೂತವರ ಮಾತಿಗೆ ಸಾಕಾಗುತ್ತದೆ, ಫೋನಿಗೆ ಸಾಲದು. ವಯಸ್ಸಿನಲ್ಲಿ ಡ್ರಮ್ಸ್ ಬಾರಿಸಿದವರಿಗೆ ಇದು ಬರುವಂಥದ್ದೇ.

ಕಿವಿಯಂತ್ರಕ್ಕೆ ಅಚ್ಚು ತೆಗೆಯುವ ಕೆಲಸ ಚೆನ್ನಾಗಿದೆ. ಗುಲಾಬಿ ಬಣ್ಣದ ಮೆತ್ತನೆಯ ಮುದ್ದೆಯನ್ನು ಕಿವಿಯೊಳಗೆ ತುಂಬಿ, ಗಟ್ಟಿಯಾಗುವ ತನಕ ಐದು ನಿಮಿಷ ಕಾಯಬೇಕು. ಆ ಐದು ನಿಮಿಷ ಕೂತವರು ಮಾತಾಡಬಾರದು, ಅಗಿಯಬಾರದು, ನಗಬಾರದು. ದವಡೆ ಅಲ್ಲಾಡಿದರೆ ಅಚ್ಚು ಕೆಡುತ್ತದೆ. ನನಗೆ ಹೇಳಿ ಮಾಡಿಸಿದ ಕೆಲಸ.

ನಿನ್ನ ಪತ್ರ ತಂದು ಮೇಜಿನ ಮೇಲಿಟ್ಟವಳು ನನ್ನ ಹೆಂಡತಿ. ಕಳಿಸಿದವರ ಹೆಸರು ಓದಿ, ಲಕೋಟೆಯನ್ನು ಎರಡು ಬೆರಳಲ್ಲಿ ಸತ್ತ ಹಲ್ಲಿ ಹಿಡಿದ ಹಾಗೆ ಹಿಡಿದಿದ್ದಳು. ನಿನ್ನ ಮೇಲೆ ಅವಳಿಗಿರುವ ಕೋಪ ನನಗಿಂತ ಹೆಚ್ಚು.

ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಲಾಂಡ್ರಿಯ ದಿನದಿಂದ ಒಂದೇ ನೆಗೆತಕ್ಕೆ ಗ್ರಂಥಾಲಯದವಳ ಪತ್ರಕ್ಕೆ ಬಂದಿದ್ದೀಯ. ನಡುವೆ ಅದೇ ವರ್ಷದ ನವೆಂಬರಿನ ಒಂದು ಸಂಜೆ ಟಿ.ವಿ. ಸ್ಟುಡಿಯೋದ ಹಿಂದಿನ ಗೇಟು ಇತ್ತು. ಅಲ್ಲಿ ನೀನಿದ್ದೆ, ನಾನಿದ್ದೆ. ಅಲ್ಲಿ ಏನಾಯಿತು ಎಂದು ಬರೆ. ಪುಸ್ತಕದ ಮಾತು ಆಮೇಲೆ.

ಇಂತಿ,
ಕಿವಿ ಅಚ್ಚು ವಿಭಾಗ


ಮಾರ್ಚ್ 9

ಗುಮ್ಮಾ,

ನೀನು ಉತ್ತರ ಬರೆದೆಯಲ್ಲ, ಅಷ್ಟಕ್ಕೇ ನಾನು ಇಡೀ ದಿನ ಗಿರಾಕಿಗಳಿಗೆಲ್ಲ ತಲೆ ಮಾಲಿಶು ಮಾಡಿ ಕಳಿಸಿದೆ. ಕಿವಿಯ ವಿಷಯ ಓದಿ, ಫೋನ್ ನಂಬರು ಬರೆದದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಟಿ.ವಿ. ಎಂದೆಯಲ್ಲ, ಆ ಕಾಲದ ಟಿ.ವಿ. ಕಾರ್ಯಕ್ರಮಗಳ ಚಂದ ನಿನಗೆ ಹೇಳಲೇಬೇಕು. ವಿಡಿಯೋ ಹಿಟ್ ಆದ ಮೇಲೆ ಒಂಬತ್ತು ಕಡೆ ಕರೆದರು. ಒಂದರಲ್ಲೂ ಯಾರೂ ನಿಜವಾಗಿ ಹಾಡಲಿಲ್ಲ, ಬಾರಿಸಲಿಲ್ಲ. ರೆಕಾರ್ಡ್ ಹಾಕುತ್ತಿದ್ದರು, ನಾವು ಬಾಯಿ, ಕೈ ಆಡಿಸುತ್ತಿದ್ದೆವು. ಸದ್ದು ಬರಬಾರದೆಂದು ಹಿತ್ತಾಳೆ ತಟ್ಟೆಗಳ ಅಡಿಗೆ ರಬ್ಬರ್ ಹಾಳೆ ಅಂಟಿಸುತ್ತಿದ್ದರು. ದೊರೆಯ ಮೈಕಿಗೆ ವಯರೇ ಇರುತ್ತಿರಲಿಲ್ಲ. ಒಂದು ಕಡೆ ರೆಕಾರ್ಡು ಸಿಕ್ಕಿಕೊಂಡು ಒಂದೇ ಪದವನ್ನು ಹನ್ನೊಂದು ಸಲ ಹೇಳಿತು. ದೊರೆ ಹನ್ನೊಂದು ಸಲವೂ ಬಿಡದೆ ಬಾಯಿ ತೆರೆದ, ಹನ್ನೊಂದು ಸಲವೂ ಅದೇ ಕೈ ಮೇಲೆತ್ತಿದ. ಇದನ್ನು ಗ್ರಂಥಾಲಯದವಳಿಗೆ ಹೇಳಿದರೆ ನೂರೈವತ್ತೊಂದನೆಯ ಪ್ರಶ್ನೆ ಮಾಡುತ್ತಾಳೆ.

ಅವರಿಗೆ ಬೇಕಾಗಿದ್ದದ್ದು ವಿಡಿಯೋದಲ್ಲಿದ್ದ ಜುಟ್ಟು. "ಕೈ ಗುಮ್ಮಂದು, ಮುಖ ಕತ್ತರೀದು. ಟಿ.ವಿ.ಗೆ ಮುಖ ಸಾಕು" ಎಂದು ದೊರೆಯೇ ಹೇಳಿದ. ನಾನು ಹೋದೆ. ನಿನಗೂ ಅದು ಗೊತ್ತು.

ಗೇಟಿನ ವಿಷಯ ನನಗೆ ಅಷ್ಟಾಗಿ ನೆನಪಿಲ್ಲ ಕಣೋ. ಆ ದಿನ ಜನ ತುಂಬಿದ್ದರು, ನೂಕುನುಗ್ಗಲಿತ್ತು. ನೀನು ಬಂದಿದ್ದೆ ಎಂದು ಆಮೇಲೆ ಯಾರೋ ಹೇಳಿದ ಹಾಗಿದೆ.

ಮಗಳಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ.

ನಿನ್ನ,
ಕತ್ತರಿ


ಮಾರ್ಚ್ 18

ನೆನಪಿಲ್ಲದವರ ಉತ್ತರ ಪುಸ್ತಕದಲ್ಲಿ ಬರುವುದು ಬೇಡ.

ಕಿವಿ ಅಚ್ಚು ವಿಭಾಗ


ಏಪ್ರಿಲ್ 8

ಮಾನ್ಯರೇ,

ಎರಡು ತಿಂಗಳಿಂದ ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ. ನೂರ ನಲವತ್ತೊಂಬತ್ತು ಪ್ರಶ್ನೆಗಳು ಮುಗಿದಿವೆ. ಒಗಟಾಗಿದ್ದ ಛತ್ರಿಗಳ ವಿಡಿಯೋ ಕೂಡ ಬಗೆಹರಿಯಿತು: ಅರವತ್ತು ಬಿಳಿ ಛತ್ರಿಗಳಲ್ಲಿ ಒಂದು ಮಾತ್ರ ಹಸಿರು ಏಕೆಂದರೆ, ಅದು ಲೈಟು ಹಿಡಿದಿದ್ದವನ ಸ್ವಂತ ಛತ್ರಿ; ಎಣಿಸುವಾಗ ಒಂದು ಕಡಿಮೆ ಬಿದ್ದಿತ್ತು. ಇಂಥ ಸರಳ ಉತ್ತರಗಳೇ ನನಗಿಷ್ಟ.

ಪುಸ್ತಕ ಬಿಡುಗಡೆಯ ದಿನ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಡ್ರಮ್ಸ್ ತರಿಸಿಡುತ್ತೇವೆ. ನೀವು ಎರಡೇ ನಿಮಿಷ ಆ ಗಾಳಿ ಏಟು ಬಾರಿಸಿ ತೋರಿಸಬೇಕು. ನಿಮ್ಮ ಮಗಳಿಗೆ ಹೇಳಿದ್ದೇನೆ. ಅವರು ಸಂತೋಷದಿಂದ ಒಪ್ಪಿ, ನೆಂಟರಿಷ್ಟರಿಗೆಲ್ಲ ಆಗಲೇ ತಿಳಿಸಿದ್ದಾರಂತೆ. ಮೇ 31ರ ಒಳಗೆ ಉತ್ತರ ಬಾರದಿದ್ದರೆ, ರೆಕಾರ್ಡಿನ ಕವರಿನ ಮೇಲಿರುವ ವಾದಕರ ವೇದಿಕೆ ಹೆಸರನ್ನೇ ನಿಮ್ಮ ಚಿತ್ರದ ಕೆಳಗೆ ಹಾಕಿ, "ಇದು ಇಂದಿಗೂ ಗುಟ್ಟು" ಎಂದು ಬರೆದುಬಿಡುತ್ತೇನೆ.

ವಿಶ್ವಾಸದ,
ರೆಕಾರ್ಡು ವಿಭಾಗದವಳು


ಏಪ್ರಿಲ್ 27

ಗುಮ್ಮಾ,

ಮಗಳಿಗೆ ಹೇಳಿದೆ.

ಭಾನುವಾರ ಸಲೂನು ಮುಚ್ಚಿದ ಮೇಲೆ ಕೂದಲು ಕತ್ತರಿಸಿಕೊಳ್ಳಲು ಬಂದಿದ್ದಳು. ಎದುರಾಬದುರು ಕೂತು ಹೇಳುವ ಧೈರ್ಯ ನನಗಿಲ್ಲ. ಅವಳ ಹಿಂದೆ ನಿಂತು, ಕನ್ನಡಿಯಲ್ಲಿ ಅವಳ ಮುಖ ನೋಡುತ್ತ, ಕತ್ತರಿ ಆಡಿಸುತ್ತ ಹೇಳಿದೆ. ಮೊದಲು ತಮಾಷೆ ಎಂದುಕೊಂಡಳು.

"ಹಾಗಾದ್ರೆ ಬಾರಿಸಿದ್ದು?"

"ನನ್ನ ಸ್ನೇಹಿತ."

"ನೀನು?"

"ನಾನು ಕೈ ಆಡಿಸ್ದೆ."

"ನಾನು ಸ್ಕೂಲಲ್ಲಿ ಎಲ್ಲರ ಹತ್ರ ಜಂಬ ಕೊಚ್ಕೊಂಡಿದ್ದು? ಮದುವೆ ದಿನ ನಿನ್ನ ಅಳಿಯನ ಮನೆಯವ್ರಿಗೆಲ್ಲ ಆ ವಿಡಿಯೋ ಹಾಕಿ ತೋರ್ಸಿದ್ದು? ಆಗ್ಲೂ ನೀನು ನಗ್ತಾ ಕೂತಿದ್ದೆ ಅಲ್ವಾ ಅಪ್ಪಾ?"

ಹೌದು, ಕೂತಿದ್ದೆ. ಅವಳು ಕತ್ತಿನ ಬಟ್ಟೆ ಕಿತ್ತು ಕುರ್ಚಿಯ ಮೇಲೆ ಹಾಕಿ ಎದ್ದು ಹೋದಳು. ತಲೆಯ ಬಲಭಾಗ ಮಾತ್ರ ಕತ್ತರಿಸಿದ್ದೆ. ಹಾಗೇ ಹೋದಳು. ಹನ್ನೆರಡು ದಿನ ಫೋನಿಲ್ಲ, ಏನಿಲ್ಲ. ಹದಿಮೂರನೆಯ ದಿನ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತಳು. ನಾನು ಎಡಭಾಗ ಶುರು ಮಾಡಿದೆ. ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದಳು.

"ಆ ಮನುಷ್ಯ ಏನಾದ್ರು? ಅಷ್ಟು ಸ್ನೇಹಿತರಾಗಿದ್ರೆ ನಮ್ಮನೆಗೆ ಒಂದು ದಿನಾನೂ ಯಾಕೆ ಬರ್ಲಿಲ್ಲ?"

ಆಗ ಗೇಟಿನ ವಿಷಯ ಹೇಳಿದೆ. ಪೂರ್ತಿ ಕೇಳಿ, "ಇದನ್ನ ನನಗೆ ಹೇಳಿ ಏನು ಪ್ರಯೋಜನ? ಅವ್ರಿಗೆ ಹೇಳು" ಎಂದಳು.

ಅದಕ್ಕೆ ಬರೆಯುತ್ತಿದ್ದೇನೆ. ನೆನಪಿಲ್ಲ ಎಂದದ್ದು ಹಸಿ ಸುಳ್ಳು. ಎಲ್ಲ ನೆನಪಿದೆ. ನವೆಂಬರ್ 21, ಶುಕ್ರವಾರ. ಜನ ಯಾರೂ ಇರಲಿಲ್ಲ. ಗೇಟಿನ ಹತ್ತಿರ ಇದ್ದವರು ಮೂವರೇ, ನಾನು, ನೀನು, ಕಾವಲಿನವನು. ನೀನು ಬೂದು ಕೋಟು ಹಾಕಿದ್ದೆ, ಗಡ್ಡ ಬಂದಿತ್ತು, ಕೈಯಲ್ಲಿ ಒಂದು ಕಾಗದ ಹಿಡಿದಿದ್ದೆ. ನಾನು ಕಾರಿನಿಂದ ಇಳಿದೆ. ನಿನ್ನನ್ನು ತಡೆದು ನಿಲ್ಲಿಸಿದ್ದ ಕಾವಲಿನವನು ನನ್ನ ಕಡೆ ತಿರುಗಿ, "ಇವ್ರು ನಿಮ್ಮ ಕಡೆಯವ್ರಾ ಸರ್? ಡ್ರಮ್ಸ್ ಬಾರಿಸೋನು ಅಂತಾರೆ" ಎಂದು ಕೇಳಿದ. ನಾನು ನಿನ್ನ ಮುಖ ನೋಡಿದೆ. ನೀನೂ ನೋಡಿದೆ. "ಇಲ್ಲ, ಯಾರೋ ಗೊತ್ತಿಲ್ಲ" ಎಂದು ಒಳಗೆ ಹೋದೆ.

ಯಾರೂ ನನ್ನ ಕೈಲಿ ಹಾಗೆ ಹೇಳಿಸಲಿಲ್ಲ. ದೊರೆ ಅಲ್ಲಿರಲೂ ಇಲ್ಲ. ನೀನು ಒಳಗೆ ಬಂದರೆ ನಾನು ಹೊರಗೆ ಹೋಗಬೇಕಾಗುತ್ತದೆ ಎನ್ನಿಸಿತು. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸುವುದು ನನಗೆ ರುಚಿ ಹತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ತಾಯಿ ಆಸ್ಪತ್ರೆಯಲ್ಲಿದ್ದಾಗ ಜಾಗ ಬಿಟ್ಟುಕೊಟ್ಟವನನ್ನು ಗುರುತಿಲ್ಲ ಎಂದೆ. ತಪ್ಪಾಯಿತು ಕಣೋ. ಈ ಎರಡು ಪದ ಬರೆಯಲು ಇಷ್ಟು ವರ್ಷ ಬೇಕಾಯಿತು ಎಂದು ನಾಚಿಕೆಯಾಗುತ್ತಿದೆ.

ನೀನು ಕ್ಷಮಿಸದಿದ್ದರೂ ಸರಿ, ಪುಸ್ತಕದಲ್ಲಿ ಬಾರಿಸಿದವನ ಹೆಸರು ಬರಲಿ, ನನ್ನ ಚಿತ್ರದ ಕೆಳಗೆ ನಾನು ಯಾರು ಎಂದು ಬರಲಿ. ಮೇ 31ಕ್ಕೆ ಅಚ್ಚಿಗೆ ಹೋಗುತ್ತದೆ.

ಕತ್ತರಿ


ಮೇ 15

ಕತ್ತರಿ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಈಗ ನನ್ನ ಸರದಿ.

ಅಮ್ಮ ಆಸ್ಪತ್ರೆಯಲ್ಲಿರಲಿಲ್ಲ. ಆ ದಿನ ಅವಳು ಮನೆಯಲ್ಲಿ ಕಿಟಕಿಯ ಪರದೆ ಹೊಲಿಯುತ್ತಿದ್ದಳು. ನಾನು ಲಾಂಡ್ರಿಯಿಂದ ಎರಡು ಬೀದಿ ಆಚೆ, ನಮ್ಮ ತಂಡದ ವ್ಯಾನಿನೊಳಗೆ, ಡ್ರಮ್ಸಿನ ಪೆಟ್ಟಿಗೆಗಳ ನಡುವೆ ಸಂಜೆಯ ತನಕ ಕೂತಿದ್ದೆ. ನೀನು ಲಾಂಡ್ರಿಯಿಂದ ಹೊರಬಂದು ಕಣ್ಣು ತೊಳೆದುಕೊಂಡಿದ್ದನ್ನೂ ಬೀದಿಯ ತುದಿಯಿಂದ ನೋಡಿದೆ.

ಅದರ ಹಿಂದಿನ ವಾರ ನಿರ್ದೇಶಕ ಪರೀಕ್ಷೆಗೆಂದು ನನ್ನನ್ನು ಕ್ಯಾಮೆರಾದ ಮುಂದೆ ಕೂರಿಸಿ, "ಇಲ್ಲಿ ನೋಡಿ, ನಗಿ" ಎಂದಿದ್ದ. ಹೊರಗೆ ಓಡಿ ಹೋಗಿ ವಾಂತಿ ಮಾಡಿಕೊಂಡೆ. ಕತ್ತಲೆಯಲ್ಲಿ, ನಿಮ್ಮೆಲ್ಲರ ಬೆನ್ನ ಹಿಂದೆ ಎಷ್ಟು ಹೊತ್ತು ಬೇಕಾದರೂ ಬಾರಿಸಬಲ್ಲೆ. ನನ್ನ ಮುಖವನ್ನು ಯಾರಾದರೂ ಹತ್ತಿರದಿಂದ ನೋಡುತ್ತಾರೆ ಎಂದರೆ ಆಗುವುದಿಲ್ಲ. ಇದನ್ನು ಹೇಳಲು ಅವಮಾನ. ಅದಕ್ಕೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದೆ.

ಗೇಟಿನ ಹತ್ತಿರ ನನ್ನ ಕೈಯಲ್ಲಿದ್ದ ಕಾಗದದಲ್ಲಿ ಇದನ್ನೇ ಬರೆದಿದ್ದೆ. ಬಾಯಲ್ಲಿ ಹೇಳಲು ಬರುವುದಿಲ್ಲವೆಂದು ಬರೆದುಕೊಂಡು ಬಂದಿದ್ದೆ. ಟಿ.ವಿ.ಗೆ ನೀನೇ ಹೋಗು, ರೆಕಾರ್ಡಿಂಗಿಗೆ ನಾನು ಬರುತ್ತೇನೆ, ಇಬ್ಬರೂ ಸೇರಿ ಒಬ್ಬ ಡ್ರಮ್ಸಿನವನಾಗೋಣ ಎಂದು. ನಿನ್ನ ಜಾಗ ಕಿತ್ತುಕೊಳ್ಳಲು ಬಂದಿರಲಿಲ್ಲ.

ನೀನು ಗೊತ್ತಿಲ್ಲ ಎಂದೆ. ಈಗ ಬರೆಯುವುದು ನಿನಗೆ ವಿಚಿತ್ರವೆನ್ನಿಸಬಹುದು. ನನಗೆ ಹಗುರವಾಯಿತು. ನೋವಾಯಿತು, ಸಿಟ್ಟು ಬಂತು, ಆದರೆ ಎಲ್ಲಕ್ಕಿಂತ ಮೊದಲು ಹಗುರವಾಯಿತು. ಇನ್ನು ನಾನು ಹೆದರಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಸ್ನೇಹಿತ ಕೈಕೊಟ್ಟ ಎಂದರೆ ಸಾಕು. ಮದುವೆಗೆ ಎರಡು ತಿಂಗಳಿತ್ತು. ನೇರ ನನ್ನ ಹೆಂಡತಿಯಾಗುವವಳ ಮನೆಗೆ ಹೋಗಿ, "ಅಮ್ಮ ಆಸ್ಪತ್ರೇಲಿದ್ದಾಗ ಅವ್ನು ನನ್ನ ಜಾಗ ಹೊಡ್ಕೊಂಡ" ಎಂದೆ. ಅವಳು ಪೂರ್ತಿ ನಂಬಿದಳು. ಅಮ್ಮನನ್ನು ಅವಳು ಆ ಕಾಯಿಲೆ ಬಗ್ಗೆ ಎಲ್ಲಿ ಕೇಳಿಬಿಡುತ್ತಾಳೋ ಎಂದು ಅಮ್ಮ ಇರುವ ತನಕ ನಾನು ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಎದ್ದವನಲ್ಲ.

ನಿನ್ನ ತಪ್ಪು ನಿನ್ನದೇ. ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅದರ ನೆರಳಲ್ಲಿ ಮೂವತ್ತೆಂಟು ವರ್ಷ ಆರಾಮಾಗಿ ಕೂತವನು ನಾನು.

ಪುಸ್ತಕಕ್ಕೆ ಬರೆ. ಅಮ್ಮನ ಕಾಯಿಲೆ ಎಂದು ಬರೆಯಬೇಡ, ಕ್ಯಾಮೆರಾಗೆ ಹೆದರಿ ಬರಲಿಲ್ಲ ಎಂದೇ ಬರೆ. ಅಚ್ಚಾಗುವ ಮೊದಲು ನಾನು ಇವಳಿಗೆ ಹೇಳಬೇಕು. ಪುಸ್ತಕದಲ್ಲಿ ಓದಿ ತಿಳಿದರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಹೇಳಿದರೂ ಸೇರಿಸುತ್ತಾಳೋ ಇಲ್ಲವೋ. ಸ್ವಲ್ಪ ಸಮಯ ಕೇಳಿ ನೋಡು. ಬಲಗಿವಿ ಈ ತಿಂಗಳು ಸರಿಯಿಲ್ಲ, ಡಾಕ್ಟರು ಮತ್ತೆ ಮತ್ತೆ ಕರೆಸುತ್ತಿದ್ದಾರೆ.

ಗುಮ್ಮ


ಮೇ 22

ಗ್ರಂಥಾಲಯದ ತಾಯಿಗೆ,

ನಿಮ್ಮ ಎಂಬತ್ತೆಂಟನೆಯ ಪ್ರಶ್ನೆಗೆ ಉತ್ತರ ಇಗೋ. ಸರಳವಾದದ್ದೇ ಇಷ್ಟ ಎಂದಿರಿ.

ವಿಡಿಯೋದಲ್ಲಿ ಕಾಣುವವನು ಡ್ರಮ್ಸಿನವನಲ್ಲ, ತಂಡದ ಕ್ಷೌರಿಕ. ಗಾಳಿ ಏಟು ಕತ್ತರಿ ಹಿಡಿಯುವ ಕೈಯ ಚಾಳಿ. ರೆಕಾರ್ಡಿನಲ್ಲಿ ಬಾರಿಸಿದವನು ಕವರಿನ ಮೇಲೆ ಹೆಸರಿರುವವನೇ. ಅವನಿಗೆ ಕ್ಯಾಮೆರಾ ಎಂದರೆ ಭಯ, ಅದಕ್ಕೆ ಬರಲಿಲ್ಲ. ನಿಮ್ಮ ಕಿವಿಗೆ ಬೀಳುವುದೆಲ್ಲ ಅವನದು. ಕಣ್ಣಿಗೆ ಬೀಳುವ ಎಡವಟ್ಟೆಲ್ಲ ನನ್ನದು.

ಎರಡು ಬೇಡಿಕೆ. ಮುಖಪುಟದಲ್ಲಿ ನನ್ನ ಜುಟ್ಟು ಬೇಡ, ಬಾತುಕೋಳಿ ಹಾಕಿ. ಇನ್ನೊಂದು, ಅವನು ಮನೆಯವರಿಗೆ ಹೇಳಿಕೊಂಡು ನಿಮಗೆ ಒಪ್ಪಿಗೆ ಬರೆಯುವ ತನಕ ಅಚ್ಚಿಗೆ ಕೊಡಬೇಡಿ. ತಡವಾಗುತ್ತದೆ ಎಂದು ಗೊತ್ತು. ನಾನೂ ಅವನೂ ಈಗಾಗಲೇ ಬಹಳ ತಡ ಮಾಡಿದವರು. ನೀವೂ ಒಂದು ತಿಂಗಳು ನಮ್ಮ ಜೊತೆ ಸೇರಿಕೊಳ್ಳಿ. ಡ್ರಮ್ಸ್ ತರಿಸಬೇಡಿ, ನನಗೆ ಬಾರಿಸಲು ಬರುವುದಿಲ್ಲ.

ಇಂತಿ,
ಕ್ಷೌರಿಕ


ಜುಲೈ 2

ಕತ್ತರಿ ಎನ್ನುವವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದು. ಈ ಮನೆಯಲ್ಲಿ ನಿಮಗೆ ನಾನು ಇಟ್ಟಿದ್ದ ಹೆಸರುಗಳನ್ನು ಕಾಗದದ ಮೇಲೆ ಬರೆಯಲಾಗದು.

ಇವರು ಹತ್ತು ದಿನದ ಹಿಂದೆ ನನಗೆ ಎಲ್ಲ ಹೇಳಿದರು. ಹೇಳಿದರು ಎಂದರೆ ಸುಮ್ಮನೆ ಅಲ್ಲ, ಒಂದೂವರೆ ಗಂಟೆ ಮಾತಾಡಿದರು. ನಮ್ಮ ಮದುವೆಯಾದ ಮೇಲೆ ಇವರು ಒಟ್ಟಿಗೆ ಅಷ್ಟು ಮಾತಾಡಿದ್ದು ನಾನು ಕಂಡಿಲ್ಲ. ನಿಮ್ಮ ಪತ್ರಗಳನ್ನೂ ಕೊಟ್ಟರು, ಓದಿದೆ. ಎರಡು ದಿನ ನಾನು ತಂಗಿಯ ಮನೆಗೆ ಹೋಗಿದ್ದೆ. ಮೂರನೆಯ ದಿನ ಬಂದೆ, ಬರದೆ ಏನು ಮಾಡಲಿ. ಗ್ರಂಥಾಲಯದವರು ಇನ್ನೂ ಕಾಯುತ್ತಿರುವ ಪುಸ್ತಕಕ್ಕೆ ಒಪ್ಪಿಗೆ ಬರೆದು ಇವತ್ತೇ ಅಂಚೆಗೆ ಹಾಕಿದ್ದೇವೆ. ನಿಮ್ಮನ್ನು ಬೈದದ್ದರಲ್ಲಿ ಅರ್ಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಗೇಟಿನದ್ದು ಹಾಗೇ ಇರಲಿ.

ಈ ಸುದ್ದಿ ಬರೆಯಲು ಇವರಿಗೆ ಮನಸ್ಸಾಗುತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಜೂನ್ ಹನ್ನೊಂದಕ್ಕೆ ಬಲಗಿವಿಯೂ ಹೋಯಿತು. ಬೆಳಿಗ್ಗೆ ಎದ್ದರು, ಯಂತ್ರ ಹಾಕಿಕೊಂಡರು, ಬ್ಯಾಟರಿ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಬ್ಯಾಟರಿ ಸರಿಯಾಗೇ ಇತ್ತು. ಇನ್ನು ಬರುವುದಿಲ್ಲ ಎಂದಿದ್ದಾರೆ ಡಾಕ್ಟರು. ಕೆಲಸಕ್ಕೆ ಮಾತ್ರ ಹೋಗುತ್ತಿದ್ದಾರೆ. ನಾವು ಈಗ ಅಡುಗೆಮನೆಯ ಮೇಜಿನ ಮೇಲೆ ಚೀಟಿ ಕಟ್ಟು, ಪೆನ್ಸಿಲ್ ಇಟ್ಟುಕೊಂಡಿದ್ದೇವೆ.

ನಿಮಗೆ ಹೇಳಬೇಕಾದ್ದು ಬೇರೆ. ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಆ ಹಾಡು ಎಲ್ಲಿ ಬಂದರೂ ನಾನು ನಿಲ್ಲಿಸಿಬಿಡುತ್ತಿದ್ದೆ. ಮನೆಯ ರೇಡಿಯೋ ಸರಿ. ಬಸ್ಸಿನಲ್ಲಿ ಬಂದರೆ ಡ್ರೈವರಿಗೆ ಹೇಳಿ ಆರಿಸಿದ್ದೇನೆ. ಅಂಗಡಿಯಲ್ಲಿ ಬಂದರೆ ಇವರ ತೋಳು ಹಿಡಿದು ಸಾಮಾನು ಬಿಟ್ಟು ಹೊರಗೆ ಬಂದಿದ್ದೇನೆ. ಅಕ್ಕನ ಮಗನ ಮದುವೆಯಲ್ಲಿ ಎಲ್ಲರೂ ಕುಣಿಯುತ್ತಿರುವಾಗ ಪ್ಲಗ್ಗನ್ನೇ ಕಿತ್ತಿದ್ದೇನೆ. ಮದುವೆಯಾದ ಮೊದಲ ವರ್ಷವೇ ಆ ರೆಕಾರ್ಡನ್ನು ಯಾರಿಗೋ ಕೊಟ್ಟುಬಿಟ್ಟೆ. ಇವರಿಗೆ ನೋವಾಗಬಾರದು ಎಂದು. ಇವರು ಒಂದು ದಿನವೂ ನಿಲ್ಲಿಸಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ನಾನು ಯಾಕೆ ಎಂದು ಕೇಳುತ್ತಿದ್ದೆ, ಆಗ ಎಲ್ಲ ಹೇಳಬೇಕಾಗುತ್ತಿತ್ತು.

ಮೊನ್ನೆ ಚೀಟಿಯಲ್ಲಿ ಬರೆದು ಕೇಳಿದೆ, "ಇಷ್ಟು ವರ್ಷದಲ್ಲಿ ಆ ಹಾಡು ಕೇಳ್ಬೇಕು ಅಂತ ಅನ್ನಿಸಿತ್ತಾ?" ಇವರು ಪೆನ್ಸಿಲ್ ತೆಗೆದುಕೊಂಡು ಕೆಳಗೆ ಒಂದೇ ಪದ ಬರೆದರು. "ದಿನಾ."

ನನಗಂತೂ ಆ ಹಾಡು ಗೊತ್ತೇ ಇರಲಿಲ್ಲ. ಮೊದಲ ನಾಲ್ಕು ಸೆಕೆಂಡು ಬಿಟ್ಟು ಮುಂದೆ ನಾನು ಕೇಳಿಯೇ ಇರಲಿಲ್ಲ. ನಿನ್ನೆ ಇವರು ಕೆಲಸಕ್ಕೆ ಹೋದ ಮೇಲೆ ಅದನ್ನು ಪಕ್ಕದ ಮನೆಯವಳ ಫೋನಿನಲ್ಲಿ ಹಾಕಿಸಿಕೊಂಡು ಪೂರ್ತಿ ಕೇಳಿದೆ. ಮತ್ತೊಮ್ಮೆ ಹಾಕು ಎಂದೆ. ನಿಮ್ಮ ದೊರೆಯ ದನಿ ನನಗೆ ಹಿಡಿಸಲಿಲ್ಲ. ಇವರು ಬಾರಿಸಿದ್ದು ಬಹಳ ಚೆನ್ನಾಗಿದೆ.

ಸಂಜೆ ಬಂದ ಮೇಲೆ ಅದನ್ನೇ ಬರೆದು ತೋರಿಸಿದೆ. ಓದಿದರು. ಚೀಟಿಯನ್ನು ಕಟ್ಟಿನಿಂದ ನಿಧಾನವಾಗಿ ಹರಿದು, ನಾಲ್ಕಾಗಿ ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡು ಊಟಕ್ಕೆ ಕೂತರು.

ಇಂತಿ,
ಅವರ ಹೆಂಡತಿ